ಒಪಿಡಿ ನರ್ಸ್‌ಗಳ ಕೆಲಸ, ಗುರುತು, ರಾಜೀನಾಮೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊರರೋಗಿ ವಿಭಾಗದಲ್ಲಿ, ಅಂದರೆ ಒಪಿಡಿಯಲ್ಲಿ, ಇನ್‌ಚಾರ್ಜ್ ಸಿಸ್ಟರ್ ಆಗಿದ್ದು, ಈಗ ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದೇನೆ. ಹಳೆಯ ಸಹೋದ್ಯೋಗಿಗಳು, ವಿದ್ಯಾರ್ಥಿಗಳು, ಅವರ ಮನೆಯವರು, ಆಸ್ಪತ್ರೆಯ ಆಡಳಿತ ನೋಡಿಕೊಳ್ಳುವವರು ಪತ್ರದಲ್ಲಿ, ಫೋನಿನಲ್ಲಿ, ಕ್ಯಾಂಟೀನಿನಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಜೋಡಿಸಿದ್ದೇನೆ. ಕರ್ನಾಟಕದ ಆಸ್ಪತ್ರೆ, ಕ್ಲಿನಿಕ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಬರೆದಿದ್ದೇನೆ. ಎಲ್ಲವನ್ನೂ ಓದಬೇಕೆಂದಿಲ್ಲ, ನಿಮ್ಮ ಪ್ರಶ್ನೆ ಯಾವುದೋ ಅಲ್ಲಿಗೇ ಹೋಗಿ.

## ಹೊಸಬರು ಕೇಳುವುದು

ಟೋಕನ್ ಕರೆಯುವುದು, ಬಿಪಿ ನೋಡುವುದು, ಒಪಿಡಿಯಲ್ಲಿ ಇಷ್ಟೇ ತಾನೆ? ಇದಕ್ಕೆ ನಾಲ್ಕು ವರ್ಷ ಬಿಎಸ್ಸಿ ನರ್ಸಿಂಗ್ ಯಾಕೆ ಓದಬೇಕಿತ್ತು?

ದೂರದಿಂದ ನೋಡಿದರೆ ಹಾಗೆಯೇ ಕಾಣುತ್ತದೆ. ಮಧುಮೇಹದ ಒಪಿಡಿಯ ಒಂದು ಮೇಜಿನ ಹತ್ತಿರ ಬನ್ನಿ. ಒಬ್ಬ ಅಜ್ಜಿ ಪ್ಲಾಸ್ಟಿಕ್ ಚೀಲದಿಂದ ಇನ್ಸುಲಿನ್ ಸೀಸೆ, ಸಿರಿಂಜು ತೆಗೆದು ಇಡುತ್ತಾರೆ. ಒಂದು ದಿನವೂ ತಪ್ಪಿಸಿಲ್ಲ, ಪಥ್ಯವನ್ನೂ ಮುರಿದಿಲ್ಲ, ಆದರೂ ಸಕ್ಕರೆ ಇಳಿದಿಲ್ಲ. ಸೀಸೆಯ ಮೇಲೆ ಮಿಲಿಲೀಟರಿಗೆ 40 ಯೂನಿಟ್ ಎಂದಿದೆ. ಸಿರಿಂಜಿನ ಮುಚ್ಚಳ ಕಿತ್ತಳೆ ಬಣ್ಣದ್ದು, ಅದು 100 ಯೂನಿಟ್ ಇನ್ಸುಲಿನ್‌ಗೆ ಮಾಡಿದ್ದು. ಕೆಂಪು ಮುಚ್ಚಳದ್ದು ಬೇಕಿತ್ತು. ಅಜ್ಜಿ 20ರ ಗೆರೆಯವರೆಗೆ ಎಳೆದುಕೊಂಡಾಗ ಮೈಗೆ ಸೇರುತ್ತಿದ್ದುದು 8 ಯೂನಿಟ್ ಮಾತ್ರ. ಇದನ್ನು ಯಾರೂ ಗಮನಿಸದೆ ಡೋಸ್ ಏರಿಸಿದ್ದರೆ, ಮುಂದೊಂದು ದಿನ ಔಷಧಿ ಅಂಗಡಿಯವರು ಸರಿಯಾದ ಸಿರಿಂಜು ಕೊಟ್ಟಾಗ ಅವರು ಸಕ್ಕರೆ ಕುಸಿದು ಬಿದ್ದಿರುತ್ತಿದ್ದರು. 100ರ ಸೀಸೆಗೆ 40ರ ಸಿರಿಂಜು ಹಾಕಿದರಂತೂ ಎರಡೂವರೆ ಪಟ್ಟು ಇನ್ಸುಲಿನ್ ಹೋಗುತ್ತದೆ, ಜೀವಕ್ಕೇ ಅಪಾಯ. ಚೀಲ ಬಿಚ್ಚಿಸಿ, ಮುಚ್ಚಳದ ಬಣ್ಣ ನೋಡಿ, ಅಜ್ಜಿಯ ಕೈಯಲ್ಲೇ ಎಳೆಸಿ ತೋರಿಸಿದವರು ನರ್ಸ್.

67 ದೇಶಗಳ ಮಾಹಿತಿ ಸೇರಿಸಿ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಭಾರತದ ಪ್ರಾಥಮಿಕ ಚಿಕಿತ್ಸೆಯಲ್ಲಿ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಸರಾಸರಿ ಎರಡು ನಿಮಿಷದ ಆಸುಪಾಸು. ವೈದ್ಯರ ಕೋಣೆಯಲ್ಲಿ ಕೇಳಲಾಗದೆ ಉಳಿದ ಪ್ರಶ್ನೆಗಳೆಲ್ಲ ಹೊರಗಿನ ನರ್ಸ್ ಮೇಜಿಗೆ ಬರುತ್ತವೆ. ಆದರೆ ಸಂಜೆ ರಿಜಿಸ್ಟರ್ ತೆರೆದರೆ ಆ ಅಜ್ಜಿಯ ಹೆಸರಿನ ಮುಂದೆ ಬಿಪಿ ಮತ್ತು ತೂಕ ಮಾತ್ರ ಇರುತ್ತದೆ. ಒಪಿಡಿ ನರ್ಸ್‌ಗಳ ಬೇಸರದ ಬೇರು ಇರುವುದು ಇಲ್ಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ: ಕೆಲಸದಲ್ಲಿ ತಲೆ ಓಡಿಸಿದ್ದಕ್ಕೆ ಬರಹದಲ್ಲಿ ಗುರುತಿಲ್ಲ.

ನನ್ನನ್ನು ವಾರ್ಡ್‌ನಿಂದ ಒಪಿಡಿಗೆ ಹಾಕಿದ್ದಾರೆ. ಇದು ಅನುಕೂಲವೋ, ಶಿಕ್ಷೆಯೋ?

ಕಾರಣವನ್ನು ಕೇಳಿ ತಿಳಿದುಕೊಳ್ಳಿ. ನಮ್ಮ ಆಸ್ಪತ್ರೆಗಳಲ್ಲಿ ಬೆನ್ನುನೋವು ಇರುವವರು, ಗರ್ಭಿಣಿಯರು, ನಿವೃತ್ತಿ ಹತ್ತಿರವಾದವರು, ಮೇಲಿನವರ ಜೊತೆ ಜಟಾಪಟಿ ಮಾಡಿಕೊಂಡವರು, ಎಲ್ಲರನ್ನೂ ಒಪಿಡಿಗೆ ಕಳಿಸುವ ರೂಢಿ ಇದೆ. ಹಾಗಾಗಿ "ಏನೂ ಕೆಲಸವಿಲ್ಲದ ಜಾಗ" ಎಂಬ ಹೆಸರು ಅದಕ್ಕೆ ಅಂಟಿಕೊಂಡಿದೆ. ಒಪಿಡಿಯನ್ನು ತಾವಾಗಿ ಕೇಳಿ ಪಡೆದವರು ಅಲ್ಲಿ ನೆಲೆ ನಿಲ್ಲುವುದನ್ನೂ, ಹೇಳದೆ ಕೇಳದೆ ಹಾಕಿಸಿಕೊಂಡವರು ಒಳಗೊಳಗೇ ಕುದಿಯುವುದನ್ನೂ ಕಂಡಿದ್ದೇನೆ. ಎಷ್ಟು ತಿಂಗಳು, ಯಾವ ವಿಶೇಷ ವಿಭಾಗ, ವಾರ್ಡ್‌ಗೆ ಮರಳಲು ಅವಕಾಶವಿದೆಯೇ ಎಂಬ ಮೂರು ವಿಷಯಗಳನ್ನು ಮೊದಲ ವಾರದಲ್ಲೇ ನರ್ಸಿಂಗ್ ಸೂಪರಿಂಟೆಂಡೆಂಟ್ ಅವರಿಂದ ಸ್ಪಷ್ಟ ಮಾಡಿಕೊಳ್ಳಿ.

ರಾತ್ರಿ ಪಾಳಿ ಇಲ್ಲ, ಭಾನುವಾರ ರಜೆ, ಇನ್ನೇನು ಬೇಕು ಎನ್ನುತ್ತಾರೆ ಅತ್ತೆ. ಮತ್ತೆ ನನಗೆ ಯಾಕೆ ಇಷ್ಟು ಸುಸ್ತು?

ನಿಮ್ಮ ಅತ್ತೆ ಹೇಳುವುದರಲ್ಲೂ ಹುರುಳಿದೆ. ಹಗಲು ಪಾಳಿ ದೊಡ್ಡ ಅನುಕೂಲ, ಮಕ್ಕಳಿರುವ ಎಷ್ಟೋ ನರ್ಸ್‌ಗಳು ವೃತ್ತಿಯಲ್ಲಿ ಉಳಿದಿರುವುದು ಅದರಿಂದಲೇ. ಆದರೆ ಒಪಿಡಿಯ ಸುಸ್ತು ಬೇರೆ ಜಾತಿಯದು. ವಾರ್ಡ್‌ನಲ್ಲಿ ನಿಮ್ಮ ರೋಗಿಗಳ ಮುಖ, ಹೆಸರು ಗೊತ್ತಿರುತ್ತದೆ. ಅವರು ಗುಣವಾಗಿ ಮನೆಗೆ ಹೋಗುವುದನ್ನು ಕಾಣುತ್ತೀರಿ. ಒಪಿಡಿಯಲ್ಲಿ ಬೆಳಗಿನಿಂದ ಸರತಿಯ ಸಿಟ್ಟನ್ನೆಲ್ಲ ನೀವೇ ಎದುರಿಸಬೇಕು. ವೈದ್ಯರು ತಡವಾಗಿ ಬಂದರೆ ಬೈಗುಳ ನಿಮಗೆ, ಲ್ಯಾಬ್ ವರದಿ ಬರದಿದ್ದರೆ ನಿಮಗೆ, ಬಿಲ್ ಜಾಸ್ತಿಯಾದರೂ ನಿಮಗೆ. ಮನಸ್ಸು ಉರಿಯುತ್ತಿದ್ದರೂ ಮುಖದಲ್ಲಿ ಸಮಾಧಾನ ಉಳಿಸಿಕೊಂಡು ದುಡಿಯುವುದನ್ನು ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಭಾವನಾತ್ಮಕ ದುಡಿಮೆ ಎಂದು ಗುರುತಿಸಿದರು. ಅದೂ ಶ್ರಮವೇ, ಅದಕ್ಕೂ ವಿಶ್ರಾಂತಿ ಬೇಕು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಪಟ್ಟಿಯ 11ನೇ ಆವೃತ್ತಿಯಲ್ಲಿ ಬರ್ನ್‌ಔಟ್ ಅನ್ನು ಕೆಲಸದ ಸ್ಥಳಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಸೇರಿಸಲಾಗಿದೆ, ಕಾಯಿಲೆಯೆಂದಲ್ಲ. ಅದರ ಮೂರು ಲಕ್ಷಣಗಳು: ಬರಿದಾದಂಥ ಆಯಾಸ, ಕೆಲಸದ ಬಗ್ಗೆ ಮನಸ್ಸು ದೂರವಾಗುವುದು ಅಥವಾ ಕಹಿಯಾಗುವುದು, ಕೆಲಸದ ಸಾಮರ್ಥ್ಯ ಕುಗ್ಗುವುದು. ರೋಗಿಗಳನ್ನು ಹೆಸರಿನ ಬದಲು ಟೋಕನ್ ಸಂಖ್ಯೆಯಿಂದಲೇ ಯೋಚಿಸುವುದು ಶುರುವಾಗಿದ್ದರೆ ಸುಮ್ಮನಿರಬೇಡಿ, ಇನ್‌ಚಾರ್ಜ್ ಬಳಿ ಮಾತನಾಡಿ. ನಿದ್ದೆ, ಊಟ ಕೆಟ್ಟು ವಾರಗಟ್ಟಲೆ ಆಗಿದ್ದರೆ ವೈದ್ಯರನ್ನು ಕಾಣಿ.

## ಗುರುತಿನ ಪ್ರಶ್ನೆಗಳು

ರೋಗಿಗಳು ನನ್ನನ್ನು "ಡಾಕ್ಟರ ಅಸಿಸ್ಟೆಂಟ್" ಎಂದುಕೊಳ್ಳುತ್ತಾರೆ. ಇದನ್ನು ಸರಿಪಡಿಸುವುದು ಹೇಗೆ?

ಮಾತಿನಲ್ಲಿ ತಿದ್ದುವುದಕ್ಕಿಂತ ಕೆಲಸದಲ್ಲಿ ತೋರಿಸುವುದು ಬೇಗ ಫಲ ಕೊಡುತ್ತದೆ. ಮೊದಲಿಗೆ ಹೆಸರು ಹೇಳಿ: "ನಾನು ಈ ವಿಭಾಗದ ನರ್ಸ್, ಗಾಯದ ಆರೈಕೆ ನನ್ನ ಜವಾಬ್ದಾರಿ." ಎರಡನೆಯದಾಗಿ, ನಿಮ್ಮ ಕೆಲಸಕ್ಕೆ ಒಂದು ಜಾಗ ಕೇಳಿ. ವೈದ್ಯರ ಬಾಗಿಲಲ್ಲಿ ನಿಂತು ಹೆಸರು ಕೂಗುವವರನ್ನು ಜನ ಬಾಗಿಲು ಕಾಯುವವರೆಂದೇ ತಿಳಿಯುತ್ತಾರೆ. ಅದೇ ನರ್ಸ್ ಒಂದು ಮೇಜು, ಎರಡು ಕುರ್ಚಿ, ಒಂದು ಪರದೆ ಇರುವ ಮೂಲೆಯಲ್ಲಿ ಕುಳಿತು ಪಾದ ಪರೀಕ್ಷಿಸಿದರೆ ಮುಂದಿನ ಸಲ ರೋಗಿ "ಸಿಸ್ಟರ್ ಇದ್ದಾರಾ?" ಎಂದು ವಿಚಾರಿಸಿಕೊಂಡು ಬರುತ್ತಾರೆ.

ಕೇಂದ್ರ ಸರ್ಕಾರದ ಆಸ್ಪತ್ರೆಗಳಲ್ಲಿ 2016ರಲ್ಲಿ ಸ್ಟಾಫ್ ನರ್ಸ್ ಹುದ್ದೆಯನ್ನು ನರ್ಸಿಂಗ್ ಆಫೀಸರ್ ಎಂದು ಬದಲಿಸಿದರು. ಒಳ್ಳೆಯ ಹೆಜ್ಜೆ. ಆದರೆ ಅಧಿಕಾರಿಯೆಂದು ಕರೆದು ಫೈಲ್ ಹೊರಿಸಿದರೆ ಏನೂ ಬದಲಾಗದು. ಕ್ಲರ್ಕ್, ಅಟೆಂಡರ್ ಮಾಡಬೇಕಾದ ಕೆಲಸ ದಿನದಲ್ಲಿ ನಿಮ್ಮ ಎಷ್ಟು ಹೊತ್ತು ತಿನ್ನುತ್ತಿದೆ ಎಂದು ಒಂದು ವಾರ ಬರೆದಿಟ್ಟು, ಆ ಹಾಳೆಯೊಂದಿಗೆ ಸಭೆಗೆ ಹೋಗಿ.

ನಮ್ಮ ಕ್ಲಿನಿಕ್‌ನಲ್ಲಿ ಓದದೆ ಬಂದವರೂ ಇಂಜೆಕ್ಷನ್ ಕೊಡುತ್ತಾರೆ, ಜನ ಅವರನ್ನೂ ಸಿಸ್ಟರ್ ಎನ್ನುತ್ತಾರೆ. ನನ್ನ ನೋಂದಣಿಗೆ ಬೆಲೆ ಏನು?

ಇದು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮೂರು ವರ್ಷದ ಜಿಎನ್ಎಂ ಡಿಪ್ಲೊಮಾ ಅಥವಾ ನಾಲ್ಕು ವರ್ಷದ ಬಿಎಸ್ಸಿ ಮುಗಿಸಿ, ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ದಾಖಲಿಸಿದವರು ಮಾತ್ರ ನೋಂದಾಯಿತ ನರ್ಸ್. ರಾಜ್ಯದಲ್ಲಿ ಇದಕ್ಕೆ 1961ರ ಕಾನೂನು ಇದೆ. ದೇಶದ ಮಟ್ಟದಲ್ಲಿ 1947ರ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆಂದು ಸಂಸತ್ತು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಯನ್ನು ತಂದಿತು. ತರಬೇತಿಯಿಲ್ಲದೆ ಕೆಲಸಕ್ಕೆ ಸೇರಿದ ಹುಡುಗಿಯರ ಮೇಲೆ ಸಿಟ್ಟು ಮಾಡಬೇಡಿ, ಅವರು ಸಿಕ್ಕ ಕೆಲಸ ಮಾಡುತ್ತಿದ್ದಾರೆ. ತಪ್ಪು ಅವರನ್ನು ಇಂಜೆಕ್ಷನ್ ಕೋಣೆಯಲ್ಲಿ ನಿಲ್ಲಿಸಿದವರದು. ನೋಂದಣಿ ಸಂಖ್ಯೆಯಿರುವ ಹೆಸರಿನ ಬಿಲ್ಲೆ ಧರಿಸಿ, ಸಹಿ ಮಾಡುವಾಗ ಆ ಸಂಖ್ಯೆ ಬರೆಯಿರಿ, ಬೇರೆಯವರು ಕೊಟ್ಟ ಇಂಜೆಕ್ಷನ್‌ಗೆ ಎಂದೂ ನಿಮ್ಮ ಸಹಿ ಹಾಕಬೇಡಿ.

ನಾನು ಬ್ರದರ್, ಅಂದರೆ ಪುರುಷ ನರ್ಸ್. ಒಪಿಡಿಯಲ್ಲಿ ನನ್ನನ್ನು ಟ್ರಾಲಿ ತಳ್ಳುವುದಕ್ಕೆ, ಗಲಾಟೆ ಬಿಡಿಸುವುದಕ್ಕೆ ಕರೆಯುತ್ತಾರೆ.

ಗಲಾಟೆ ನೋಡಿಕೊಳ್ಳುವುದು ಭದ್ರತಾ ಸಿಬ್ಬಂದಿಯ ಕೆಲಸ ಎಂದು ನೇರವಾಗಿ ಹೇಳಿ. ಜೊತೆಗೆ ನಿಮ್ಮದೇ ಆದ ಒಂದು ನೆಲೆ ಹುಡುಕಿಕೊಳ್ಳಿ: ಮೂತ್ರರೋಗ ವಿಭಾಗದ ಕ್ಯಾತಿಟರ್ ಆರೈಕೆ, ಮೂಳೆ ವಿಭಾಗದ ಪ್ಲಾಸ್ಟರ್ ಕೋಣೆ, ಡಯಾಲಿಸಿಸ್. ಪುರುಷ ರೋಗಿಗಳು ಸಂಕೋಚವಿಲ್ಲದೆ ಮಾತನಾಡುವ ನರ್ಸ್ ಒಪಿಡಿಗೆ ನಿಜವಾಗಿ ಬೇಕು.

ಆಸ್ಪತ್ರೆ ಒಪಿಡಿ ಬಿಟ್ಟು ಸರ್ಕಾರದ "ನಮ್ಮ ಕ್ಲಿನಿಕ್" ಅಥವಾ ಸಮುದಾಯ ಆರೋಗ್ಯಾಧಿಕಾರಿ ಹುದ್ದೆಗೆ ಹೋದರೆ ಗೌರವ ಹೆಚ್ಚೇ?

ಸ್ವಂತ ನಿರ್ಧಾರಕ್ಕೆ ಜಾಗ ಹೆಚ್ಚು, ಭದ್ರತೆ ಕಡಿಮೆ. ಈಗ ಆಯುಷ್ಮಾನ್ ಆರೋಗ್ಯ ಮಂದಿರವೆನಿಸಿದ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಲ್ಲಿ ಸಮುದಾಯ ಆರೋಗ್ಯಾಧಿಕಾರಿಯಾಗಿ ಬಿಎಸ್ಸಿ ನರ್ಸಿಂಗ್ ಓದಿದವರನ್ನು ತೆಗೆದುಕೊಳ್ಳುತ್ತಾರೆ. 30 ವರ್ಷ ದಾಟಿದವರ ರಕ್ತದೊತ್ತಡ, ಮಧುಮೇಹ ತಪಾಸಣೆ, ಔಷಧಿ ಮುಂದುವರಿಸುವುದು, ಯಾರನ್ನು ಮೇಲಿನ ಆಸ್ಪತ್ರೆಗೆ ಕಳಿಸಬೇಕೆಂಬ ತೀರ್ಮಾನ, ಇವೆಲ್ಲ ಅವರ ಕೈಯಲ್ಲಿವೆ. 2022ರ ಡಿಸೆಂಬರ್‌ನಲ್ಲಿ ಶುರುವಾದ "ನಮ್ಮ ಕ್ಲಿನಿಕ್"ಗಳು ಪೂರ್ತಿ ಹೊರರೋಗಿ ಸೇವೆಯವು. ಅಲ್ಲಿ ಒಬ್ಬ ವೈದ್ಯರು, ಒಬ್ಬ ನರ್ಸ್, ಒಬ್ಬ ಲ್ಯಾಬ್ ತಂತ್ರಜ್ಞರು ಇರುವ ಪುಟ್ಟ ತಂಡ. ಬಡಾವಣೆಯ ಜನಕ್ಕೆ ನರ್ಸ್‌ನ ಹೆಸರು ಗೊತ್ತಿರುತ್ತದೆ. ಈ ಹುದ್ದೆಗಳಿಗೆ ನೇಮಕ ಹೆಚ್ಚಾಗಿ ಗುತ್ತಿಗೆ ಆಧಾರದ್ದು. ಒಬ್ಬರೇ ನರ್ಸ್ ಇರುವ ಕಡೆ ರಜೆ ಹಾಕುವುದೇ ಒಂದು ಸಾಹಸ ಎಂಬುದನ್ನೂ ತಿಳಿದುಕೊಂಡು ಹೋಗಿ.

## ಸಂಬಳ, ಬಾಂಡ್, ಬಿಡುವ ಯೋಚನೆ

ಸಂಬಳ ಸರಿಯಾಗಿ ಕೊಟ್ಟರೆ ಯಾರೂ ಬಿಟ್ಟು ಹೋಗುವುದಿಲ್ಲ. ಉಳಿದ ಮಾತೆಲ್ಲ ಯಾಕೆ?

ಸಂಬಳ ಮೊದಲು ಸರಿಯಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಟ್ರೇನ್ಡ್ ನರ್ಸಸ್ ಅಸೋಸಿಯೇಷನ್ ಆಫ್ ಇಂಡಿಯಾ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ಖಾಸಗಿ ಆಸ್ಪತ್ರೆ ನರ್ಸ್‌ಗಳ ಸ್ಥಿತಿಗತಿ ನೋಡಲು ಸಮಿತಿ ರಚಿಸಬೇಕೆಂದಿತು. ಆ ಸಮಿತಿ ಹೇಳಿದ್ದು ಸ್ಪಷ್ಟವಾಗಿದೆ: 200ಕ್ಕಿಂತ ಹೆಚ್ಚು ಹಾಸಿಗೆಯಿದ್ದರೆ ರಾಜ್ಯ ಸರ್ಕಾರಿ ನರ್ಸ್‌ಗಳಿಗೆ ಸಮನಾದ ಸಂಬಳ, 100 ದಾಟಿದ್ದರೆ ಅದಕ್ಕಿಂತ ಶೇ 10ಕ್ಕೂ ಮೀರಿ ಕಡಿಮೆಯಿರಬಾರದು, 50ರಿಂದ 100 ಇದ್ದರೆ ಶೇ 25ಕ್ಕೂ ಮೀರಿ ಕಡಿಮೆಯಿರಬಾರದು, 50ಕ್ಕಿಂತ ಕಡಿಮೆ ಹಾಸಿಗೆಯಿದ್ದರೂ ತಿಂಗಳಿಗೆ ಕನಿಷ್ಠ 20,000 ರೂಪಾಯಿ. ಕೇರಳದಲ್ಲಿ ನರ್ಸ್‌ಗಳು ಬೀದಿಗಿಳಿದು ಹೋರಾಡಿದ ಮೇಲೆ 2018ರಲ್ಲಿ ಕನಿಷ್ಠ ವೇತನ 20,000 ರೂಪಾಯಿಗೆ ಏರಿತು. ಈ ಲೆಕ್ಕವೆಲ್ಲ ಹಾಸಿಗೆಯ ಮೇಲೆ ನಿಂತಿರುವುದನ್ನು ಗಮನಿಸಿ. ಹಾಸಿಗೆಯೇ ಇಲ್ಲದೆ ದಿನಕ್ಕೆ ನೂರಾರು ರೋಗಿಗಳನ್ನು ನೋಡುವ ದೊಡ್ಡ ಕ್ಲಿನಿಕ್‌ನ ನರ್ಸ್ ಈ ಏಣಿಯ ಕೆಳಗಿನ ಮೆಟ್ಟಿಲಲ್ಲೇ ಉಳಿಯುತ್ತಾರೆ.

ಇನ್ನು ಉಳಿದ ಮಾತು. ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಮಂಡಿಸಿದ ವಿಚಾರ ಇಂದಿಗೂ ಚರ್ಚೆಯಲ್ಲಿದೆ: ಸಂಬಳ, ಸೌಕರ್ಯ, ಮೇಲಧಿಕಾರಿಯ ನಡವಳಿಕೆ ಕೆಟ್ಟರೆ ಅತೃಪ್ತಿ ಹುಟ್ಟುತ್ತದೆ, ಆದರೆ ಅವು ಸರಿಯಾದ ಮಾತ್ರಕ್ಕೆ ತೃಪ್ತಿ ಹುಟ್ಟುವುದಿಲ್ಲ, ತೃಪ್ತಿಗೆ ಸಾಧನೆ, ಮನ್ನಣೆ, ಜವಾಬ್ದಾರಿ, ಬೆಳೆಯುವ ದಾರಿ ಬೇಕು. ಒಪಿಡಿಯ ಮಟ್ಟಿಗೆ ಇದು ನಿಜವೆಂದೇ ನನ್ನ ಅನುಭವ. ಸಂಬಳ ಸಾಲದೆ ಹೋದವರು ಹೋಗುವಾಗ ಸಂಬಳದ ಹೆಸರು ಹೇಳುತ್ತಾರೆ. ಸಂಬಳ ಚೆನ್ನಾಗಿದ್ದೂ ಹೋದವರು "ಇಲ್ಲಿ ಕಲಿತದ್ದು ಮರೆತು ಹೋಗುತ್ತಿದೆ" ಎನ್ನುತ್ತಾರೆ.

ಇಷ್ಟು ವರ್ಷ ದುಡಿಯುತ್ತೇನೆಂದು ಬರೆದುಕೊಟ್ಟ ಬಾಂಡ್ ಮುಗಿಯುವ ಮೊದಲು ಬಿಟ್ಟರೆ ಮೂಲ ಪ್ರಮಾಣಪತ್ರ ಕೊಡುವುದಿಲ್ಲ ಎನ್ನುತ್ತಾರೆ. ಏನು ಮಾಡಲಿ?

ಇವು ಎರಡು ಬೇರೆ ವಿಷಯ. ಪ್ರಮಾಣಪತ್ರ ನಿಮ್ಮ ಸ್ವತ್ತು. ಸೇರುವಾಗ ಮೂಲಪ್ರತಿ ತೋರಿಸಿ ವಾಪಸ್ ಪಡೆಯಿರಿ, ನಕಲು ಮಾತ್ರ ಕೊಡಿ. ಈಗಾಗಲೇ ಕೊಟ್ಟಿದ್ದರೆ ಸ್ವೀಕೃತಿ ಪತ್ರ ಕೇಳಿ, ಮರಳಿಸುವಂತೆ ಲಿಖಿತವಾಗಿ ಕೋರಿ. ಬಾಂಡ್ ವಿಷಯ ಅಷ್ಟು ಸಲೀಸಲ್ಲ. 2025ರಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕ್ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಕನಿಷ್ಠ ಸೇವಾ ಅವಧಿಯ ಕರಾರನ್ನು ಎತ್ತಿಹಿಡಿಯಿತು. ಹಾಗಾಗಿ "ಬಾಂಡ್ ಎಲ್ಲ ಸುಳ್ಳು" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದೇ ಹೊತ್ತಿಗೆ, 1872ರ ಕರಾರು ಕಾಯ್ದೆಯ 74ನೇ ಕಲಮು ನ್ಯಾಯವಾದ ಪರಿಹಾರಕ್ಕಷ್ಟೇ ಅವಕಾಶ ಕೊಡುತ್ತದೆ. ಬಾಂಡ್‌ನಲ್ಲಿ ಬರೆದ ಮೊತ್ತವೆಲ್ಲ ತಾನಾಗಿ ವಸೂಲಿಯಾಗುವುದಿಲ್ಲ. ನಿಮ್ಮ ತರಬೇತಿಗೆ ಅವರು ನಿಜವಾಗಿ ಏನು ಖರ್ಚು ಮಾಡಿದರು ಎಂಬ ಪ್ರಶ್ನೆ ಮುಖ್ಯವಾಗುತ್ತದೆ. ದೊಡ್ಡ ಮೊತ್ತವಾದರೆ ವಕೀಲರನ್ನು ಕಂಡೇ ಮುಂದುವರಿಯಿರಿ.

ವಿದೇಶಕ್ಕೆ ಹೋಗಬೇಕೆಂದಿದ್ದೇನೆ. ಒಪಿಡಿ ಅನುಭವ ಲೆಕ್ಕಕ್ಕೆ ಬರುತ್ತದೆಯೇ?

ಬರುತ್ತದೆ, ಆದರೆ ಅನೇಕ ಉದ್ಯೋಗದಾತರು ವಾರ್ಡ್, ಐಸಿಯು ಅನುಭವವನ್ನೇ ಮೊದಲು ಕೇಳುತ್ತಾರೆ. ಅನುಭವ ಪತ್ರದಲ್ಲಿ ಬರೀ "ಒಪಿಡಿ" ಎಂದಿರದೆ ಎಂಡೋಸ್ಕೋಪಿ, ಕಿಮೋಥೆರಪಿ ಡೇ ಕೇರ್, ಲಸಿಕೆ, ಗಾಯದ ಆರೈಕೆ ಎಂದು ಬಿಡಿಸಿ ಬರೆಸಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಪ್ರಕಾರ ಜಗತ್ತಿನ ಪ್ರತಿ ಏಳು ನರ್ಸ್‌ಗಳಲ್ಲಿ ಒಬ್ಬರು ಹುಟ್ಟಿದ ದೇಶ ಬಿಟ್ಟು ಬೇರೆಡೆ ದುಡಿಯುವವರು, ಹಾಗಾಗಿ ನಿಮ್ಮ ಆಸೆಯಲ್ಲಿ ಅಪರಾಧಭಾವ ಪಡುವಂಥದ್ದೇನೂ ಇಲ್ಲ. ಕೇಂದ್ರ ಸರ್ಕಾರದಲ್ಲಿ ನೋಂದಣಿಯಾದ ಏಜೆಂಟರು ಸೇವಾ ಶುಲ್ಕವೆಂದು 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ. ಲಕ್ಷಗಳ ಮಾತು ಬಂದರೆ ಎದ್ದು ಬನ್ನಿ.

ಬಿಡಬೇಕೋ ಇರಬೇಕೋ ತಿಳಿಯುತ್ತಿಲ್ಲ.

ಈ ಮೂರನ್ನು ಬೇರೆಬೇರೆ ಮಾಡಿ ನೋಡಿ: ನಿಮಗೆ ಬೇಸರವಾಗಿರುವುದು ಈ ಒಪಿಡಿಯೋ, ಈ ಆಸ್ಪತ್ರೆಯೋ, ನರ್ಸಿಂಗ್ ವೃತ್ತಿಯೋ? ಒಪಿಡಿಯಾದರೆ ವಿಭಾಗ ಬದಲಿಸಿಕೊಂಡರೆ ಸಾಕು. ಆಸ್ಪತ್ರೆಯಾದರೆ ಬೇರೆ ಕಡೆ ಆದೇಶ ಪತ್ರ ಕೈಗೆ ಬಂದ ಮೇಲೆಯೇ ರಾಜೀನಾಮೆ ಕೊಡಿ, ನೋಟಿಸ್ ಅವಧಿ ಮುಗಿಸಿ, ರಿಲೀವಿಂಗ್ ಲೆಟರ್ ಮತ್ತು ಅನುಭವ ಪತ್ರ ಪಡೆದೇ ಹೊರಡಿ. ವೃತ್ತಿಯೇ ಬೇಡವೆನಿಸಿದ್ದರೆ ಆ ನಿರ್ಧಾರವನ್ನು ಸುಸ್ತಿನ ವಾರದಲ್ಲಿ ತೆಗೆದುಕೊಳ್ಳಬೇಡಿ. ರಜೆ ಹಾಕಿ, ನಿದ್ದೆ ಮಾಡಿ, ಆಮೇಲೆ ಯೋಚಿಸಿ.

## ಇನ್‌ಚಾರ್ಜ್‌ಗಳು, ಆಡಳಿತದವರು ಕೇಳುವುದು

ಒಬ್ಬರು ಹೋದರೆ ಮರುದಿನ ಹತ್ತು ಅರ್ಜಿ ಬರುತ್ತವೆ. ಒಪಿಡಿ ನರ್ಸ್ ಬಿಟ್ಟರೆ ನಮಗೇನು ನಷ್ಟ?

ರೇಬೀಸ್ ಲಸಿಕೆಯ ಉದಾಹರಣೆ ತೆಗೆದುಕೊಳ್ಳಿ. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ, ನಂತರ 3, 7 ಮತ್ತು 28ನೇ ದಿನ ರೋಗಿ ಬರಬೇಕು. ಗಾಯ ಮಾಯ್ದ ಮೇಲೆ 28ನೇ ದಿನದ್ದನ್ನು ಮರೆಯುವುದು ಸಹಜ. ಹಳೆಯ ನರ್ಸ್‌ಗೆ ಯಾರು ದೂರದ ಹಳ್ಳಿಯವರು, ಯಾರಿಗೆ ಫೋನ್ ಮಾಡಿ ನೆನಪಿಸಬೇಕು ಎಂಬುದು ಗೊತ್ತಿರುತ್ತದೆ. ಯಾವ ರೋಗಿ ಓದು ಬಾರದೆ ಮಾತ್ರೆಯ ಬಣ್ಣ ನೋಡಿ ನುಂಗುತ್ತಾರೆ, ಯಾರ ಮೈಮೇಲಿನ ಕಲೆಗೆ ಅವರು ಹೇಳಿದ ಕಾರಣ ನಿಜವಲ್ಲ, ಯಾವ ವೈದ್ಯರ ಕೈಬರಹದಲ್ಲಿ ಒಂದೂ ಏಳೂ ಒಂದೇ ಥರ ಕಾಣುತ್ತದೆ, ಇದೆಲ್ಲ ಅವರ ತಲೆಯಲ್ಲಿದೆ. ಹತ್ತು ಅರ್ಜಿಗಳಲ್ಲಿ ಒಂದೂ ಇದನ್ನು ಹೊತ್ತು ತರುವುದಿಲ್ಲ. ಹೊಸಬರನ್ನು ತಯಾರು ಮಾಡುವ ತಿಂಗಳುಗಳಲ್ಲಿ ಉಳಿದ ನರ್ಸ್‌ಗಳ ಮೇಲೆ ಹೊರೆ ಬಿದ್ದು, ಅವರೂ ಬಾಗಿಲ ಕಡೆ ನೋಡತೊಡಗುತ್ತಾರೆ.

ವರ್ಷಕ್ಕೆ ಶೇಕಡಾ ಎಷ್ಟು ಮಂದಿ ಬಿಡುತ್ತಾರೆ ಎಂದು ಲೆಕ್ಕ ಹಾಕುವುದು ಹೇಗೆ?

ವರ್ಷದಲ್ಲಿ ಬಿಟ್ಟವರ ಸಂಖ್ಯೆಯನ್ನು ಆ ವರ್ಷದ ಸರಾಸರಿ ನರ್ಸ್‌ಗಳ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸಿ. 40 ನರ್ಸ್‌ಗಳಿರುವಲ್ಲಿ 10 ಮಂದಿ ಬಿಟ್ಟರೆ ಶೇ 25. ಆದರೆ ಈ ಒಂದೇ ಸಂಖ್ಯೆ ನೋಡಿ ತೀರ್ಮಾನಿಸಿದರೆ ಮೋಸ ಹೋಗುತ್ತೀರಿ. ಆ ಹತ್ತೂ ಮಂದಿ ಸೇರಿ ಆರು ತಿಂಗಳಾಗದ ಹೊಸಬರಾದರೆ ನಿಮ್ಮ ಸಮಸ್ಯೆ ನೇಮಕ ಮತ್ತು ಆರಂಭದ ತರಬೇತಿಯಲ್ಲಿದೆ. ಎಂಟು ವರ್ಷ ಇದ್ದವರು ಹೋಗುತ್ತಿದ್ದರೆ ಬಡ್ತಿಯ ದಾರಿ ಮುಚ್ಚಿದೆ ಎಂದರ್ಥ. ಮದುವೆ, ನಿವೃತ್ತಿಯಂಥ ಕಾರಣಗಳನ್ನು ಬೇರೆ ಬರೆಯಿರಿ, ಒಪಿಡಿಯಿಂದ ವಾರ್ಡ್‌ಗೆ ವರ್ಗ ಕೇಳಿಕೊಂಡವರನ್ನೂ ಎಣಿಸಿ. ಅವರು ಆಸ್ಪತ್ರೆ ಬಿಟ್ಟಿಲ್ಲ, ನಿಮ್ಮ ವಿಭಾಗವನ್ನು ಬಿಟ್ಟಿದ್ದಾರೆ.

ಒಪಿಡಿಗೆ ಎಷ್ಟು ನರ್ಸ್ ಬೇಕು?

ಎಲ್ಲರ ಬಾಯಲ್ಲಿರುವ ಅನುಪಾತ, ಬೋಧನಾ ಆಸ್ಪತ್ರೆಯಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್, ಸಾಮಾನ್ಯ ಆಸ್ಪತ್ರೆಯಲ್ಲಿ ಐವರಿಗೆ ಒಬ್ಬರು, ಇದು ವಾರ್ಡ್‌ನ ಹಾಸಿಗೆಗೆ ಹೊಂದುವಂಥದ್ದು. ಒಪಿಡಿಯಲ್ಲಿ ತಲೆ ಎಣಿಸಿದರೂ ಸಾಲದು. ಬರೀ ಬಿಪಿ ನೋಡಿಸಿಕೊಂಡು ಹೋಗುವ ರೋಗಿ ಮತ್ತು ಮೊದಲ ಬಾರಿ ಇನ್ಸುಲಿನ್ ಕಲಿಯುವ ರೋಗಿ ಒಂದೇ ಅಲ್ಲ. ಒಂದು ವಾರ ಪ್ರತಿ ಕೆಲಸಕ್ಕೂ ಹಿಡಿಯುವ ಸಮಯ ಬರೆದುಕೊಳ್ಳಿ: ಡ್ರೆಸಿಂಗ್, ಲಸಿಕೆ, ಹೊಸ ರೋಗಿಗೆ ತಿಳಿವಳಿಕೆ, ಮುಂದಿನ ಭೇಟಿಯ ಫೋನ್. ಸೋಮವಾರದ ನೂಕುನುಗ್ಗಲನ್ನೂ ಶನಿವಾರದ ನಿಧಾನವನ್ನೂ ಬೇರೆ ಇಡಿ, ರಜೆಗೆ ಬದಲಿಯವರನ್ನು ಸೇರಿಸಿ. ಲಿಂಡಾ ಏಕನ್ ಮತ್ತು ಜೊತೆಗಾರರು 2002ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳಲ್ಲಿ ಕಂಡುಕೊಂಡಂತೆ, ಒಬ್ಬ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದರೆ ಬರ್ನ್‌ಔಟ್ ಸಂಭವ ಶೇ 23, ಕೆಲಸದ ಅತೃಪ್ತಿ ಶೇ 15 ಹೆಚ್ಚುತ್ತದೆ. ಅದು ಒಳರೋಗಿಗಳ ಅಧ್ಯಯನ, ಒಪಿಡಿಗೆ ಅಂಕಿಗಳನ್ನು ಹಾಗೆಯೇ ಅಂಟಿಸಲಾಗದು. ದಿಕ್ಕು ಮಾತ್ರ ಅದೇ.

ರೋಗಿಯ ಕಡೆಯವರು ನರ್ಸ್ ಮೇಲೆ ಕೈ ಎತ್ತಿದರು. ಸಿಬ್ಬಂದಿ ದೂರು ಕೊಡಲು ಹೆದರುತ್ತಿದ್ದಾರೆ.

ದೂರನ್ನು ನರ್ಸ್ ಒಬ್ಬರ ಮೇಲೆ ಬಿಡದೆ ಆಸ್ಪತ್ರೆಯೇ ಕೊಡಬೇಕು. ವೈದ್ಯಕೀಯ ಸೇವಾ ಸಿಬ್ಬಂದಿಯ ಮೇಲಿನ ಹಿಂಸೆ ತಡೆಯಲು ಕರ್ನಾಟಕದಲ್ಲಿ 2009ರ ಕಾಯ್ದೆ ಇದೆ, ನರ್ಸ್‌ಗಳೂ ಅದರ ರಕ್ಷಣೆಯಲ್ಲಿದ್ದಾರೆ. ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು. "ಹೋಗಲಿ ಬಿಡಿ ಸಿಸ್ಟರ್" ಎಂದು ಸಮಾಧಾನ ಮಾಡಿ ಕಳಿಸಿದ ನರ್ಸ್ ಮುಂದೆ ಆ ಆಸ್ಪತ್ರೆಯಲ್ಲಿ ಹೆಚ್ಚು ದಿನ ಉಳಿಯುವುದನ್ನು ನಾನು ಕಂಡಿಲ್ಲ.

ಬಜೆಟ್ ಇಲ್ಲ. ಖರ್ಚಿಲ್ಲದೆ ಏನು ಮಾಡಬಹುದು?

ಒಪಿಡಿ ಹಾಳೆಯಲ್ಲಿ ನರ್ಸ್‌ನ ಟಿಪ್ಪಣಿಗೆ ನಾಲ್ಕು ಗೆರೆ ಜಾಗ ಬಿಡಿ: ಏನು ಗಮನಿಸಿದರು, ಏನು ಕಲಿಸಿದರು, ಸಹಿ. ವೈದ್ಯರು ಅದನ್ನು ಓದಿಯೇ ಮುಂದುವರಿಯಲಿ. ಒಬ್ಬ ನರ್ಸ್‌ಗೆ ಒಂದು ವಿಶೇಷ ವಿಭಾಗವನ್ನು ಕನಿಷ್ಠ ಒಂದು ವರ್ಷ ಬಿಟ್ಟುಕೊಡಿ. ವಾರಕ್ಕೊಮ್ಮೆ ಅಲ್ಲಿಂದಿಲ್ಲಿಗೆ ಓಡಾಡಿಸಬೇಡಿ. ಊಟದ ಅರ್ಧ ಗಂಟೆಯನ್ನು ಪಾಳಿಪಟ್ಟಿಯಲ್ಲೇ ಬರೆಯಿರಿ. ಗಾಯ ಮಾಯ್ದ ರೋಗಿ ಮರಳಿ ಬಂದಾಗ ಡ್ರೆಸಿಂಗ್ ಮಾಡಿದ ನರ್ಸ್‌ಗೆ ಆ ಸುದ್ದಿ ಮುಟ್ಟಿಸಿ. ಈ ಕೊನೆಯದು ಎಲ್ಲಕ್ಕಿಂತ ಸುಲಭ, ಯಾರೂ ಮಾಡದಿರುವುದೂ ಇದನ್ನೇ.

ತೃಪ್ತಿ ಸಮೀಕ್ಷೆಯಲ್ಲಿ ಎಲ್ಲರೂ "ತೃಪ್ತಿ ಇದೆ" ಎಂದೇ ಬರೆಯುತ್ತಾರೆ, ಆರು ತಿಂಗಳಲ್ಲಿ ರಾಜೀನಾಮೆ ಕೊಡುತ್ತಾರೆ. ಸಮೀಕ್ಷೆ ಸುಳ್ಳೇ?

ಮೊದಲ ಅನುಮಾನ ಹೆದರಿಕೆಯ ಮೇಲಿರಲಿ. ಹಾಳೆ ಇನ್‌ಚಾರ್ಜ್ ಕೈಗೆ ಹೋಗುವುದಾದರೆ ಯಾರು ನಿಜ ಬರೆದಾರು? ಹೆಸರಿಲ್ಲದೆ, ಮುಚ್ಚಿದ ಪೆಟ್ಟಿಗೆಗೆ ಹಾಕಿಸಿ.

ಎರಡನೆಯದು ಪ್ರಶ್ನಾವಳಿಯ ದೋಷ. ಪಾಲ್ ಸ್ಪೆಕ್ಟರ್ 1985ರಲ್ಲಿ ರೂಪಿಸಿದ 36 ಪ್ರಶ್ನೆಗಳ ಮಾಪಕ ಸಂಬಳ, ಬಡ್ತಿ, ಮೇಲ್ವಿಚಾರಣೆ, ಸಹೋದ್ಯೋಗಿಗಳು ಹೀಗೆ ಒಂಬತ್ತು ಮುಖಗಳನ್ನು ಬೇರೆಬೇರೆಯಾಗಿ ಅಳೆಯುತ್ತದೆ. ಒಟ್ಟು ಅಂಕ ಮಾತ್ರ ನೋಡಿದರೆ ಒಳ್ಳೆಯ ಸಹೋದ್ಯೋಗಿಗಳ ಅಂಕ ಬಡ್ತಿಯ ಸೊನ್ನೆಯನ್ನು ಮುಚ್ಚಿಬಿಡುತ್ತದೆ. ಒಂಬತ್ತನ್ನೂ ಬಿಡಿಬಿಡಿಯಾಗಿ ಓದಿ.

ಮೂರನೆಯದು ಹೆಚ್ಚು ಆಳದ್ದು. ಸೌಕರ್ಯದ ತೃಪ್ತಿ ಒಂದು, ನರ್ಸ್ ಎಂಬ ಹೆಮ್ಮೆ ಇನ್ನೊಂದು. ಹಗಲು ಪಾಳಿಗೆ ಖುಷಿಪಡುತ್ತಲೇ "ನಾನಿಲ್ಲಿ ನರ್ಸ್ ಆಗಿ ಉಳಿದಿಲ್ಲ" ಎಂದು ಕೊರಗುವವರು ಒಪಿಡಿಯಲ್ಲಿ ಬಹಳ. ಅವರು ಸಮೀಕ್ಷೆಯಲ್ಲಿ ಸುಳ್ಳು ಹೇಳಿಲ್ಲ, ನೀವು ಕೇಳಿದ್ದಕ್ಕೆ ಉತ್ತರಿಸಿದ್ದಾರೆ. ಹಾಗಾಗಿ ಇನ್ನೆರಡು ಪ್ರಶ್ನೆ ಸೇರಿಸಿ: "ಕಳೆದ ವಾರ ನೀವು ಸ್ವಂತ ತಿಳಿವಳಿಕೆಯಿಂದ ತೆಗೆದುಕೊಂಡ ಒಂದು ನಿರ್ಧಾರ ಬರೆಯಿರಿ", "ನಿಮ್ಮ ಈಗಿನ ಕೆಲಸವನ್ನು ತರಬೇತಿಯಿಲ್ಲದವರು ಮಾಡಬಹುದೆಂದು ನಿಮಗೆ ಅನ್ನಿಸುತ್ತದೆಯೇ?" ಮೊದಲನೆಯದಕ್ಕೆ ಖಾಲಿ ಬಿಟ್ಟು ಎರಡನೆಯದಕ್ಕೆ ಹೌದು ಎಂದ ಹಾಳೆ ಒಂದು ಸಿಕ್ಕರೂ ಆ ವಾರವೇ ಕುಳಿತು ಮಾತನಾಡಬೇಕು. ಹೆಸರಿಲ್ಲದ ಹಾಳೆಯಾದ್ದರಿಂದ ಅದು ಯಾರೆಂದು ಹುಡುಕಲು ಹೋಗಬೇಡಿ. ವಿಭಾಗದ ಎಲ್ಲರ ಜೊತೆಯೂ ಮಾತನಾಡಿ.